ಬೆರಳಿನ ಪ್ರೆಷರ್, ಜಯಮ್ಮನ ಮೂಗು

ನಾನು ಕೆಲಸ ಬಿಟ್ಟ ದಿನ ಹಾಸನದ ನಮ್ಮ ಗ್ಯಾರೇಜಿನಲ್ಲಿ ಒಂದು ಶಾಲು, ಒಂದು ಹಾರ, ಪ್ಲಾಸ್ಟಿಕ್ ಹಾಳೆ ಸುತ್ತಿದ ಒಂದು ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಓನರ್ ಶಿವಣ್ಣ ಮೈಕು ಹಿಡಿದು, "ಮಾದೇವಣ್ಣ ನಮ್ಮ ಗ್ಯಾರೇಜಿನ ಆಸ್ತಿ" ಎಂದರು. ಆಸ್ತಿಯನ್ನು ಯಾಕೆ ಮನೆಗೆ ಕಳಿಸುತ್ತಿದ್ದೀರಿ ಎಂದು ಯಾರೂ ಕೇಳಲಿಲ್ಲ. ಹೊಸದಾಗಿ ಸೇರಿದ ಐಟಿಐ ಹುಡುಗರಿಗೆ ನಾಲ್ಕು ಮಾತು ಹೇಳಿ ಎಂದು ಮೈಕನ್ನು ನನ್ನ ಕೈಗೆ ಕೊಟ್ಟರು. ಹುಡುಗರೆಲ್ಲ ಪಲಾವಿನ ಪಾತ್ರೆಯ ಕಡೆ ನೋಡುತ್ತಿದ್ದರು. "ಎಲ್ಲಾರ್ಗೂ ಒಳ್ಳೇದಾಗ್ಲಿ" ಎಂದು ಹೇಳಿ ಕೂತೆ. ಅವತ್ತು ನುಂಗಿಕೊಂಡ ಮಾತುಗಳನ್ನು ಈಗ ಬರೆಯುತ್ತಿದ್ದೇನೆ. ಪಲಾವು ಖಾಲಿಯಾಗಿರುವುದರಿಂದ ಯಾರಾದರೂ ಓದಿದರೂ ಓದಬಹುದು.

ಹೆಲ್ಪರ್ ಆಗಿದ್ದವನು ಮೆಕ್ಯಾನಿಕ್ ಆದದ್ದು, ಮೆಕ್ಯಾನಿಕ್ ಆಗಿದ್ದವನು ಹೆಡ್ ಮೆಕ್ಯಾನಿಕ್ ಆದದ್ದು ಹೇಳುವಂಥ ಕಥೆಯಲ್ಲ. ನನಗಿಂತ ಮುಂದೆ ಇದ್ದವರು ಒಬ್ಬೊಬ್ಬರಾಗಿ ಬಿಟ್ಟು ಹೋದರು, ನಾನು ಹೋಗಲಿಲ್ಲ, ಅಷ್ಟೇ.

ಕೆಲಸ ಕಲಿತದ್ದು ಚನ್ನರಾಯಪಟ್ಟಣದಲ್ಲಿ, ಹೆದ್ದಾರಿ ಪಕ್ಕದ ಒಂದು ತಗಡಿನ ಶೆಡ್ಡಿನಲ್ಲಿ. ಕಲಿಸಿದವರು ಬಾಷಾ ಉಸ್ತಾದ್. ಆಗ ಕಾರ್ಬೊರೇಟರ್ ಕಾಲ. ಪೆಟ್ರೋಲ್ ಪಂಪು ಇಂಜಿನ್ನಿನ ಪಕ್ಕದಲ್ಲೇ ಅಂಗೈಯಗಲ, ಕಣ್ಣಿಗೆ ಕಾಣುವಂತೆ ಕೂತಿರುತ್ತಿತ್ತು. ಒಳಗೊಂದು ರಬ್ಬರ್ ಪೊರೆ. ಅದು ಹರಿದರೆ ಗಾಡಿ ನಿಲ್ಲುತ್ತಿತ್ತು, ಹೊಸದು ಹಾಕಿದರೆ ಓಡುತ್ತಿತ್ತು. ಪೈಪಿನಲ್ಲಿ ಕಸ ಸಿಕ್ಕಿದರೆ ಬಾಯಲ್ಲಿ ಊದುವುದು, ಪೆಟ್ರೋಲ್ ಬರದಿದ್ದರೆ ಬಾಯಲ್ಲೇ ಎಳೆಯುವುದು. ಎಳೆದದ್ದು ಎಷ್ಟೋ ಸಲ ಗಂಟಲಿಗೆ ಇಳಿಯುತ್ತಿತ್ತು. ಆಮೇಲೆ ಸಂಜೆಯ ತನಕ ತೇಗಿದರೆ ಪೆಟ್ರೋಲ್. ಕೈ ತೊಳೆಯುವುದೂ ಪೆಟ್ರೋಲಿನಲ್ಲಿ, ಬಟ್ಟೆಯ ಗ್ರೀಸು ತೆಗೆಯುವುದೂ ಪೆಟ್ರೋಲಿನಲ್ಲಿ. ಇದಕ್ಕೆಲ್ಲ ಸೇರಿಸಿ ನಾವು ಇಟ್ಟುಕೊಂಡಿದ್ದ ಹೆಸರು ಅನುಭವ.

ಪಂಪು ಎಷ್ಟು ಜೋರಾಗಿ ತಳ್ಳುತ್ತಿದೆ ಎಂದು ತಿಳಿಯಲು ಗೇಜು ಎನ್ನುವ ಒಂದು ಸಾಮಾನು ಆಗಲೂ ಇತ್ತು. ಉಸ್ತಾದರ ಶೆಡ್ಡಿನಲ್ಲಿ ಇರಲಿಲ್ಲ. ಅವರು ರಬ್ಬರ್ ಪೈಪನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಸುಕಿ, ನಾಡಿ ನೋಡುವ ಪಂಡಿತರ ಹಾಗೆ ಕಣ್ಣು ಮುಚ್ಚುತ್ತಿದ್ದರು.

"ಗೇಜು ಕಂಪ್ನಿಯವ್ರಿಗೆ ಕಣೋ ಮಾದೇವ. ನಮ್ಗೆ ಅಲ್ಲಾ ಬೆರಳು ಕೊಟ್ಟವ್ನೆ" ಎನ್ನುತ್ತಿದ್ದರು.

ನಾನು ಅವರಿಂದ ಮೊದಲು ಕಲಿತದ್ದು ಕಣ್ಣು ಮುಚ್ಚುವುದನ್ನು. ಗಿರಾಕಿಗೆ ನಂಬಿಕೆ ಬರುವುದು ಅದರಿಂದಲೇ. ಬೆರಳು ಏನಾದರೂ ಹೇಳುತ್ತದೆ ಎಂದು ನನಗೆ ನಂಬಿಕೆ ಬಂದದ್ದು ಎಷ್ಟೋ ವರ್ಷ ಆದ ಮೇಲೆ. ಬಂದ ಮೇಲೆ ಮಾತ್ರ ಗಟ್ಟಿಯಾಗಿ ಕೂತುಬಿಟ್ಟಿತು.

ನಾನು ಹಾಸನಕ್ಕೆ ಬರುವ ಹೊತ್ತಿಗೆ ಕಾರ್ಬೊರೇಟರ್ ಹೋಗಿ ಇಂಜೆಕ್ಷನ್ ಗಾಡಿಗಳು ಬಂದಿದ್ದವು. ಪಂಪು ಇಂಜಿನ್ನಿನ ಪಕ್ಕ ಬಿಟ್ಟು ಪೆಟ್ರೋಲ್ ಟ್ಯಾಂಕಿನ ಒಳಗೇ ಹೋಗಿ ಮುಳುಗಿ ಕೂತಿತು. ಕರೆಂಟಿನ ಪಂಪು. ಅದರ ಮೈ ತಣ್ಣಗಿಡುವುದು ಸುತ್ತಲಿನ ಪೆಟ್ರೋಲೇ. ಈ ಒಂದು ಸಣ್ಣ ವಿಷಯ ನಮ್ಮ ಜನಕ್ಕೆ ಅರ್ಥವಾಗಿದ್ದರೆ ನಾನು ಇಷ್ಟು ವರ್ಷ ಏನು ಮಾಡಬೇಕಿತ್ತೋ ಗೊತ್ತಿಲ್ಲ.

ಗೊರೂರಿನ ಕ್ವಾರ್ಟರ್ಸಿನಲ್ಲಿದ್ದ ಒಬ್ಬ ನೀರಾವರಿ ಇಂಜಿನಿಯರು ಕಾರಿಗೆ ಗ್ಯಾಸ್ ಕಿಟ್ ಹಾಕಿಸಿದ್ದರು. ಪೆಟ್ರೋಲ್ ಟ್ಯಾಂಕು ಸದಾ ಒಣಗಿರುತ್ತಿತ್ತು. ಗಾಡಿ ಸ್ಟಾರ್ಟ್ ಮಾಡಿದಾಗಲೆಲ್ಲ ಪಂಪು ಒಣ ಟ್ಯಾಂಕಿನಲ್ಲಿ ತಿರುಗಿ ತಿರುಗಿ ಸುಟ್ಟು ಹೋಗುತ್ತಿತ್ತು. ಮೂರನೇ ಪಂಪು ಹಾಕುವಾಗ ಅವರ ಮುಂದೆಯೇ ಹೇಳಿದೆ.

"ಸಾ, ಇದು ಪೆಟ್ರೋಲ್‌ನಾಗೆ ಮುಳುಗಿರ್ಬೇಕು. ಅದೇಯ ಅದ್ಕೆ ತಣ್ಣೀರು."

"ಗಾಡಿ ಓಡೋದು ಗ್ಯಾಸಲ್ಲಿ ಕಣಯ್ಯ. ಪೆಟ್ರೋಲ್ ಯಾಕ್ ಬೇಕು?"

"ಅದು ಪಂಪಿಗೆ ಗೊತ್ತಿಲ್ವಲ್ಲ ಸಾ."

ಇಡೀ ಜಿಲ್ಲೆಯ ನಾಲೆಗೆ ಎಷ್ಟು ನೀರು ಬಿಡಬೇಕು ಎಂದು ಲೆಕ್ಕ ಹಾಕುವವರು. ತಮ್ಮ ಟ್ಯಾಂಕಿಗೆ ಮಾತ್ರ ಬಿಡಲಿಲ್ಲ. ನಾಲ್ಕನೇ ಪಂಪನ್ನೂ ನಾನೇ ಹಾಕಿದೆ.

ಇನ್ನು ಅಪ್‌ಗ್ರೇಡ್ ಎಂಬ ಕಾಯಿಲೆ. ಇದನ್ನು ನಮ್ಮ ಗ್ಯಾರೇಜಿಗೆ ತಂದವನು ಹೊಳೆನರಸೀಪುರದ ಯೋಗೇಶ, ಆಲೂಗೆಡ್ಡೆ ಮಂಡಿಯವರ ಮಗ. ಮೊಬೈಲಿನಲ್ಲಿ ಯಾವುದೋ ದೇಶದ ರೇಸ್ ಕಾರಿನ ವೀಡಿಯೊ ನೋಡಿ, ತನ್ನ ಸಣ್ಣ ಕಾರಿಗೆ ಅದರಂಥದ್ದೇ ದೊಡ್ಡ ಪಂಪು ತರಿಸಿಕೊಂಡು ಬಂದಿದ್ದ. ಹಾಕು ಎಂದ, ಹಾಕಿದೆ. ಹೊಸಬರಿಗೆ ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಪಂಪಿನ ಕೆಲಸ ತಳ್ಳುವುದು. ರೆಗ್ಯುಲೇಟರ್ ಎನ್ನುವ ಇನ್ನೊಂದು ಸಾಮಾನು ಇಂಜಿನ್ನಿಗೆ ಎಷ್ಟು ಪ್ರೆಷರ್ ಬೇಕೋ ಅಷ್ಟನ್ನು ಹಿಡಿದಿಟ್ಟು, ಮಿಕ್ಕ ಪೆಟ್ರೋಲನ್ನು ಟ್ಯಾಂಕಿಗೆ ವಾಪಸು ಕಳಿಸುತ್ತದೆ. ತಳ್ಳುವುದನ್ನು ದೊಡ್ಡದು ಮಾಡಿ, ವಾಪಸು ಹೋಗುವ ದಾರಿಯನ್ನು ಹಳೆಯ ಅಳತೆಗೇ ಬಿಟ್ಟರೆ ಮಿಕ್ಕದ್ದು ಎಲ್ಲಿಗೆ ಹೋಗಬೇಕು? ಇಂಜಿನ್ನಿಗೇ ಹೋಯಿತು. ಯೋಗೇಶನ ಕಾರು ಇಟ್ಟಿಗೆ ಗೂಡಿನ ಹಾಗೆ ಕಪ್ಪು ಹೊಗೆ ಬಿಡತೊಡಗಿತು. ಬೈಯುತ್ತಾನೆಂದು ಕಾದಿದ್ದೆ. ಅವನು ನನ್ನನ್ನು ತಬ್ಬಿಕೊಂಡ.

"ಸೂಪರ್ ಕಣಣ್ಣ! ಇಂದೆ ಬರೋರ್ಗೆ ಏನೂ ಕಾಣಕಿಲ್ಲ!"

ಅವನು ಊರೆಲ್ಲ ಹೊಗೆ ಬಿಟ್ಟುಕೊಂಡು ತಿರುಗಿದ್ದೇ ನಮಗೆ ಜಾಹೀರಾತಾಯಿತು. ಶಿವಣ್ಣ ಹೊಸ ಬೋರ್ಡು ಬರೆಸಿದರು: "ಇಲ್ಲಿ ಫ್ಯುಯೆಲ್ ಪಂಪ್ ಮತ್ತು ರೆಗ್ಯುಲೇಟರ್ ಅಪ್‌ಗ್ರೇಡ್ ಮಾಡಲಾಗುವುದು." ತಿರುಪು ತಿರುಗಿಸಿ ಪ್ರೆಷರ್ ಹೆಚ್ಚು ಕಡಿಮೆ ಮಾಡುವಂಥ ರೆಗ್ಯುಲೇಟರುಗಳನ್ನು ತರಿಸಿಟ್ಟರು. ಒಂದು ಗೇಜನ್ನೂ ತರಿಸಿ, ಗಿರಾಕಿ ಕೂರುವ ಕಡೆ ಗಾಜಿನ ಬೀರುವಿನಲ್ಲಿ, ಡಬ್ಬಿಯ ಸಮೇತ ಇಟ್ಟರು. ಅದು ನೋಡುವುದಕ್ಕೆ. ಕೆಲಸಕ್ಕೆ ನನ್ನ ಬೆರಳುಗಳಿದ್ದವು. ಆಮೇಲೆ ಬ್ರೇಕು ಸರಿಯಿಲ್ಲ ಎಂದು ಬಂದವರೂ ಅಪ್‌ಗ್ರೇಡ್ ಮಾಡಿಸಿಕೊಂಡೇ ಹೋಗುತ್ತಿದ್ದರು.

ಇಂಥ ದಿನಗಳಲ್ಲೇ ಜಯಮ್ಮ ಬಂದದ್ದು.

ಮಲ್ಲಿಪಟ್ಟಣದಿಂದ ಅರಕಲಗೂಡಿನ ಒಂದು ಶಾಲೆಗೆ ಮಕ್ಕಳನ್ನು ಕರೆದೊಯ್ಯುವ ವ್ಯಾನು ಆಕೆಯದು. ವಯಸ್ಸು ನಲವತ್ತರ ಆಸುಪಾಸು. ತವರು ರಾಮನಾಥಪುರದ ಕಡೆ, ಹೊಗೆಸೊಪ್ಪು ಬೆಳೆಯುವ ಊರು. ಗಂಡ ತೀರಿಕೊಂಡ ಮೇಲೆ ಅವನು ಓಡಿಸುತ್ತಿದ್ದ ವ್ಯಾನನ್ನು ತಾನೇ ಓಡಿಸುತ್ತಿದ್ದಳು. ಹಳೇ ಮಾದರಿಯ ವ್ಯಾನು. ಇಂಜಿನ್ನು ಮುಂದಿನ ಸೀಟಿನ ಕೆಳಗೇ ಇರುವಂಥದ್ದು. ಮಕ್ಕಳು ತುಂಬಿದಾಗ ದಿಣ್ಣೆ ಹತ್ತುವಲ್ಲಿ ಗಾಡಿ ಮುಕ್ಕರಿಯುತ್ತಿದೆ ಎಂದಳು. ನೋಡಿದರೆ ಪಂಪು ಸವೆದಿತ್ತು. ಅದೇ ಅಳತೆಯ ಹೊಸ ಪಂಪು, ಒಂದು ಫಿಲ್ಟರು ಹಾಕಿದ್ದರೆ ಮುಗಿಯುತ್ತಿತ್ತು. ಅದು ನನಗೆ ಗೊತ್ತಿತ್ತು. ಇದನ್ನು ಬರೆಯುವಾಗ ಗೊತ್ತಿರಲಿಲ್ಲ ಎಂದು ಬರೆಯಬಹುದಿತ್ತು, ಕೇಳುವವರಿಲ್ಲ. ಆದರೆ ಗೊತ್ತಿತ್ತು.

"ಸ್ಕೂಲ್ ವ್ಯಾನು, ಲೋಡ್ ಜಾಸ್ತಿ. ಅಪ್‌ಗ್ರೇಡ್ ಮಾಡ್ಬುಡಿ ಮಾದೇವಣ್ಣ" ಎಂದರು ಶಿವಣ್ಣ.

ದೊಡ್ಡ ಪಂಪು ಹಾಕಿದೆ. ತಿರುಪಿನ ರೆಗ್ಯುಲೇಟರ್ ಹಾಕಿದೆ. ಇಂಜಿನ್ ಸ್ಟಾರ್ಟ್ ಮಾಡಿ, ಪೈಪು ಹಿಸುಕಿ, ಕಣ್ಣು ಮುಚ್ಚಿದೆ. ದಿಣ್ಣೆ ಹತ್ತಬೇಕಲ್ಲ ಎಂದು ತಿರುಪನ್ನು ಎರಡು ಸುತ್ತು ಜಾಸ್ತಿಯೇ ಬಿಗಿದೆ. ರಬ್ಬರ್ ಪೈಪು ಹಳೆಯದೇ ಇತ್ತು. ಬೆರಳಿಗೆ ಅದು ಗಟ್ಟಿಮುಟ್ಟಾಗಿ ಕಂಡದ್ದರಿಂದ ಬದಲಾಯಿಸಲಿಲ್ಲ.

ನಾಲ್ಕು ದಿನಕ್ಕೆ ಜಯಮ್ಮ ವಾಪಸು ಬಂದಳು.

"ಸಾ, ಗಾಡಿ ದಿಣ್ಣೆನ ಜೋರಾಗಿ ಅತ್ತದೆ. ಆದ್ರೆ ದಿಣ್ಣೇಲಿ ಪೆಟ್ರೋಲ್ ವಾಸ್ನೆ ಬತ್ತದೆ."

ಇಂಜಿನ್ ಚಾಲೂ ಮಾಡಿ, ಸೀಟು ಎತ್ತಿ, ಬಗ್ಗಿ ನೋಡಿದೆ. ಎಲ್ಲ ಒಣಗಿತ್ತು. ಮೂಗು ಹತ್ತಿರ ಇಟ್ಟು ಎಳೆದೆ. ಏನೂ ಇಲ್ಲ.

"ಪೆಟ್ರೋಲ್ ಗಾಡಿ ಪೆಟ್ರೋಲ್ ವಾಸ್ನೆ ಬರ್ದೆ ಮಲ್ಲಿಗೆ ವಾಸ್ನೆ ಬತ್ತದೇನಮ್ಮ?" ಎಂದೆ. ಗ್ಯಾರೇಜೇ ನಕ್ಕಿತು. ಹೆಂಗಸು ಗಾಡಿ ಓಡಿಸುವುದನ್ನೇ ತಮಾಷೆ ಎಂದುಕೊಂಡಿದ್ದವರಿಗೆ ನಾನು ಎರಡನೇ ತಮಾಷೆ ಒದಗಿಸಿದ್ದೆ. ಜಯಮ್ಮ ನಗಲಿಲ್ಲ.

"ನಾನು ಬ್ಯಾರನ್ ಕಾದೋಳು ಸಾ. ಸೊಪ್ಪು ಹದಕ್ಕೆ ಬಂತೋ, ಸೀಯಕ್ಕೆ ಶುರುವಾಯ್ತೋ ಅಂತ ಬಾಗ್ಲು ತೆಗೀದೇನೆ ಏಳ್ತಿದ್ದೆ. ನನ್ನ ಮೂಗು ಸುಳ್ಳೇಳಕಿಲ್ಲ."

ಬ್ಯಾರನ್ ಎಂದರೆ ಹೊಗೆಸೊಪ್ಪನ್ನು ಶಾಖ ಕೊಟ್ಟು ಹದ ಮಾಡುವ ಎತ್ತರದ ಮನೆ. ಒಂದು ಗಳಿಗೆ ಎಚ್ಚರ ತಪ್ಪಿದರೆ ವರ್ಷದ ಬೆಳೆಯೆಲ್ಲ ಸುಟ್ಟು ಹೋಗುತ್ತದೆ. ಅಂಥ ಕಡೆ ಮನೆಯವರು ನಂಬಿ ಕಾವಲಿಗೆ ಕೂರಿಸುತ್ತಿದ್ದ ಮೂಗು ಅದು. ಇದೆಲ್ಲ ನನಗೆ ಆಮೇಲೆ ಹೊಳೆಯಿತು. ಅವತ್ತು ನನ್ನ ಬೆರಳಿಗೆ ಸವಾಲು ಹಾಕುತ್ತಿದ್ದಾಳೆ ಎನ್ನುವುದಷ್ಟೇ ತಲೆಯಲ್ಲಿತ್ತು.

ಮತ್ತೆ ನಾಲ್ಕು ದಿನ ಬಿಟ್ಟು ಬಂದಳು. ಮತ್ತೆ ಬಗ್ಗಿದೆ, ಮತ್ತೆ ಒಣಗಿತ್ತು. ಈ ಸಲ ಶಿವಣ್ಣ ತಾವೇ ಎದ್ದು ಬಂದು, ಕಾರಿನ ಕನ್ನಡಿಗೆ ನೇತುಹಾಕುವ ಒಂದು ಸೆಂಟಿನ ಬಾಟಲಿಯನ್ನು ಪುಕ್ಕಟೆ ಕೊಟ್ಟರು. "ಇದ್ನ ಕಟ್ಟಮ್ಮ, ಯಾವ ವಾಸ್ನೆನೂ ಬರಕಿಲ್ಲ" ಎಂದರು. ನಾನೂ ತಲೆಯಾಡಿಸಿದೆ. ಮೂವತ್ತೈದು ವರ್ಷ ಸರ್ವೀಸಿನ ಹೆಡ್ ಮೆಕ್ಯಾನಿಕ್ಕು ಪೆಟ್ರೋಲ್ ಸೋರಿಕೆಗೆ ಸೆಂಟು ಬರೆದುಕೊಟ್ಟ ದಿನ ಅದು.

ಮೂರನೇ ಸಲ ಆಕೆ ಬರಲಿಲ್ಲ. ಒಂದು ವಾರ ಬಿಟ್ಟು, ಶುಕ್ರವಾರ ಫೋನ್ ಮಾಡಿದಳು.

"ಸಾ, ಗಾಡಿ ನಿಲ್ಸಿದೀನಿ. ಎರಡು ದಿನ ಆಯ್ತು. ಮಕ್ಳ ಅಪ್ಪಂದೀರು ಬಾಯಿಗೆ ಬಂದಂಗೆ ಬಯ್ತಾವ್ರೆ. ಸೋಮಾರ ಗಾಡಿ ಬರ್ದಿದ್ರೆ ಬೇರೆ ವ್ಯಾನಿಗೆ ಮಕ್ಳ ಅತ್ತಿಸ್ತೀವಿ ಅಂತ ಸ್ಕೂಲ್ನೋರು ಅಂದವ್ರೆ. ನಂಗೆ ಇರೋದು ಇದೊಂದೇ ರೂಟು. ಆದ್ರೂ ಈ ವಾಸ್ನೆ ಮ್ಯಾಲೆ ಮಕ್ಳ ಕೂರ್ಸಕೆ ನನ್ ಕೈಲಾಗಕಿಲ್ಲ. ನೀವೇ ಬಂದು ನೋಡಿ."

ಶನಿವಾರ ರಜೆ ಹಾಕಿ ಹೊರಟೆ. ಕರುಣೆಯಿಂದ ಹೊರಟೆ ಎಂದುಕೊಳ್ಳಬೇಡಿ. ಈ ಹೆಂಗಸಿನ ಬಾಯಿ ಒಂದೇ ಸಲಕ್ಕೆ ಮುಚ್ಚಿಸಬೇಕು ಎಂದು ಹೊರಟೆ. ಅದಕ್ಕೆಂದೇ ಗಾಜಿನ ಬೀರುವಿನಿಂದ ಗೇಜಿನ ಡಬ್ಬಿ ಇಳಿಸಿಕೊಂಡೆ. ನನ್ನ ಬೆರಳನ್ನು ನಂಬದವಳು ಗೇಜಿನ ಮುಳ್ಳನ್ನಾದರೂ ನಂಬಲಿ ಎಂದು. ಗೊರೂರಿನ ಮೇಲೆ ಹೋಗುವ ಬಸ್ಸು ಹತ್ತಿ, ಅರಕಲಗೂಡಿನಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ಮಲ್ಲಿಪಟ್ಟಣ ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು.

ಜಯಮ್ಮ ಮನೆಯ ಮುಂದೆ ವ್ಯಾನಿನೊಳಗೆ ಶುಂಠಿ ಮೂಟೆಗಳನ್ನು ಜೋಡಿಸುತ್ತಿದ್ದಳು. ಬಾಡಿಗೆ ಹೊಡೆಯಲು ಹೊರಟಿದ್ದಾಳೆ ಎಂದುಕೊಂಡೆ.

"ಮಕ್ಳ ತೂಕಕ್ಕೆ ಸಾ" ಎಂದಳು. "ಖಾಲಿ ಗಾಡೀಲಿ ಬರಕಿಲ್ಲ ಆ ವಾಸ್ನೆ. ಮಕ್ಳ ಕೂರ್ಸಿ ನೋಡಕಾಯ್ತದಾ?"

ಇಷ್ಟು ವರ್ಷದಲ್ಲಿ ಗಾಡಿಯನ್ನು ಗ್ಯಾರೇಜಿನ ನೆಲದ ಮೇಲೆ ನಿಲ್ಲಿಸಿಯೇ ನಾಡಿ ನೋಡಿದವನು ನಾನು. ತೂಕ ಹೇರಿ ದಿಣ್ಣೆ ಹತ್ತಿಸಿ ನೋಡಬೇಕೆಂದು ಆಕೆಗೆ ಹೊಳೆದಿತ್ತು.

ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಊರಾಚೆಯ ದಿಣ್ಣೆಗೆ ಗಾಡಿ ಬಿಟ್ಟಳು. ಅರ್ಧ ಹತ್ತುವಷ್ಟರಲ್ಲಿ, "ಈಗ ಬತ್ತಾ ಅದೆ. ಜೋರಾಗಿ ಬತ್ತಾ ಅದೆ" ಎಂದಳು.

"ಏನೂ ಇಲ್ವಲ್ಲಮ್ಮ."

"ಇಲ್ವಾ?"

"ಇಲ್ಲ ಕಣಮ್ಮ."

ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಕನ್ನಡಿಗೆ ನೇತುಹಾಕಿದ್ದ, ಶಿವಣ್ಣ ಕೊಟ್ಟಿದ್ದ ಸೆಂಟಿನ ಬಾಟಲಿ ಬಿಚ್ಚಿ, ಮುಚ್ಚಳ ತೆಗೆದು, ಚೀಟಿ ಕಾಣದಂತೆ ಅಂಗೈಲಿ ಮುಚ್ಚಿ, ನನ್ನ ಮೂಗಿನ ಕೆಳಗೆ ಹಿಡಿದಳು.

"ಇದು ಯಾವ್ದರ ವಾಸ್ನೆ ಏಳಿ ಸಾ."

ಎಳೆದೆ. ಇನ್ನೊಂದು ಸಲ ಜೋರಾಗಿ ಎಳೆದೆ. ಗಾಳಿ ಬಂತು, ಅಷ್ಟೇ. ಬಾಯಿಗೆ ಬಂದದ್ದನ್ನು ಹೇಳಿದೆ.

"ಮಲ್ಲಿಗೆ."

"ನಿಂಬೆಹಣ್ಣು ಸಾ" ಎಂದಳು ಮೆಲ್ಲಗೆ. ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಹಾಲು ಉಕ್ಕಿ ಸೀದು ತಳ ಹಿಡಿದಾಗ, ಪಕ್ಕದಲ್ಲೇ ಪೇಪರು ಓದುತ್ತಿದ್ದ ನನ್ನನ್ನು ನೋಡಿ, "ಮನ್ಷ ಇಲ್ಲೇ ಕುಂತವ್ರೆ, ಗ್ಯಾನ ಎಲ್ಲೈತೋ" ಎಂದು ಹೆಂಡತಿ ಗೊಣಗುತ್ತಿದ್ದದ್ದು ನೆನಪಾಯಿತು. ಜ್ಞಾನ ಅಲ್ಲೇ ಇತ್ತು. ಹೋಗಿದ್ದದ್ದು ಮೂಗು. ಎಷ್ಟು ವರ್ಷಗಳ ಹಿಂದೆ ಹೋಗಿತ್ತೋ ಗೊತ್ತಿಲ್ಲ. ಪೆಟ್ರೋಲ್ ಎಳೆದು, ಊದಿ, ಅದರಲ್ಲೇ ಕೈ ತೊಳೆದು, ಇದ್ದ ಮೂಗನ್ನು ನಾನೇ ಕಳಕೊಂಡಿದ್ದೆ. ಅಂಥ ಮೂಗನ್ನು ಇಂಜಿನ್ನಿನ ಮೇಲೆ ಬಗ್ಗಿಸಿ ಎರಡು ಸಲ "ಏನೂ ಇಲ್ಲ" ಎಂದು ತೀರ್ಪು ಕೊಟ್ಟಿದ್ದೆ. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಇಳಿದು ಸೀಟು ಎತ್ತಿದೆ. ರೆಗ್ಯುಲೇಟರಿಗೆ ಸೇರುವ ರಬ್ಬರ್ ಪೈಪು ಒದ್ದೆಯಾಗಿತ್ತು. ಕ್ಲಿಪ್ಪಿನ ಹತ್ತಿರ ಸಣ್ಣ ಸೀಳು. ಒಂದು ಗೇಣು ಕೆಳಗೆ ಸೈಲೆನ್ಸರಿನ ಕೊಳವೆ, ಮುಟ್ಟಿದರೆ ಚರ್ಮ ಸುಲಿಯುವಷ್ಟು ಬಿಸಿ. ಇಂಜಿನ್ನು ಆರಿಸಿ, ಎಲ್ಲ ಆರಿ ತಣ್ಣಗಾಗುವ ತನಕ ಕಾದೆವು. ಸೀಳಿದ ತುದಿಯನ್ನು ಕತ್ತರಿಸಿ, ಪೈಪನ್ನು ಮತ್ತೆ ಬಿಗಿದು, ಗೇಜು ಜೋಡಿಸಿದೆ. ಡಬ್ಬಿಯಿಂದ ಅದು ಹೊರಗೆ ಬಂದದ್ದು ಅದೇ ಮೊದಲು. ಗಾಡಿ ನಿಂತಲ್ಲೇ ನಿಂತು ಇಂಜಿನ್ನು ಮಾತ್ರ ಓಡುವಾಗ ಮುಳ್ಳು ಮರ್ಯಾದೆಯಿಂದಲೇ ಇತ್ತು. ರೆಗ್ಯುಲೇಟರಿಗೆ ಗಾಳಿ ಎಳೆಯುವ ಸಣ್ಣ ಕೊಳವೆ ಒಂದಿರುತ್ತದೆ. ಇಂಜಿನ್ನು ಸುಮ್ಮನಿದ್ದಾಗ ಅದು ಪ್ರೆಷರನ್ನು ತಗ್ಗಿಸಿ ಹಿಡಿಯುತ್ತದೆ, ದಿಣ್ಣೆಯಲ್ಲಿ ಆಕ್ಸಿಲೇಟರ್ ಒತ್ತಿದಾಗ ಬಿಟ್ಟುಬಿಡುತ್ತದೆ. ದಿಣ್ಣೆಯಲ್ಲಿ ಆಗುವುದು ಇಲ್ಲೇ ಕಾಣಲಿ ಎಂದು ಅದನ್ನು ಕಿತ್ತು ನೋಡಿದೆ. ಮೂರರ ಹತ್ತಿರ ನಿಲ್ಲಬೇಕಾದ ಮುಳ್ಳು ಐದನ್ನು ದಾಟಿತು. ಗ್ಯಾರೇಜಿನಲ್ಲಿ ನನ್ನ ಬೆರಳಿಗೆ ಸಿಕ್ಕಿದ್ದು ಗಾಡಿಯ ನಿದ್ದೆಯ ನಾಡಿ. ಓಡುವಾಗಿನದನ್ನು ನಾನು ಹಿಡಿದೇ ಇರಲಿಲ್ಲ.

ಸುಮಾರು ಹದಿನೈದು ದಿನ ಮಕ್ಕಳು ಇದರ ಮೇಲೆ ಕೂತು ಶಾಲೆಗೆ ಹೋಗಿ ಬಂದಿದ್ದರು. ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತುಬಿಟ್ಟೆ. ಜಯಮ್ಮ ನೀರಿನ ಬಾಟಲಿ ತಂದುಕೊಟ್ಟಳು.

ಗಾಡಿಯನ್ನು ಮೆಲ್ಲಗೆ ದಿಣ್ಣೆ ಇಳಿಸಿ ತಂದು, ಅವಳ ಮನೆಯ ಮುಂದೆಯೇ ಕೆಲಸ ಮುಗಿಸಿದೆ. ಅರಕಲಗೂಡಿಗೆ ಹೋಗಿ ಪ್ರೆಷರ್ ತಡೆಯುವ ಹೊಸ ಪೈಪು, ಹೊಸ ಕ್ಲಿಪ್ಪುಗಳನ್ನು ತಂದು ಹಾಕಿದೆ. ತಿರುಪು ಸಡಿಲಿಸಿ ಮುಳ್ಳನ್ನು ಮೂರಕ್ಕೆ ಇಳಿಸಿದೆ. ಈ ಸಲ ಕಣ್ಣು ತೆರೆದೇ ಇದ್ದೆ. ಆಮೇಲೆ ಶಿವಣ್ಣನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವರು ಅನುಭವಸ್ಥರ ಧ್ವನಿಯಲ್ಲಿ ಹೇಳಿದರು.

"ಇಲಿ ಕಡ್ದೈತೆ ಅಂತ ಏಳ್ಬುಡಿ ಮಾದೇವಣ್ಣ. ಬೋರ್ಡ್ ಆಕೀವಿ, ನಾಳೆ ಯಾರು ಬತ್ತಾರೆ?"

ಹೊಸಬರು ಗಮನಿಸಬೇಕು. ನಮ್ಮ ವೃತ್ತಿಯಲ್ಲಿ ಇಲಿಯಷ್ಟು ಉಪಕಾರಿ ಪ್ರಾಣಿ ಇನ್ನೊಂದಿಲ್ಲ. ನಾವು ಬಿಗಿಯದ ಕ್ಲಿಪ್ಪು, ಸುತ್ತದ ಟೇಪು, ತಪ್ಪಿ ಕತ್ತರಿಸಿದ ವೈರು, ಎಲ್ಲವನ್ನೂ ಇಲಿ ತನ್ನ ಮೈಮೇಲೆ ಹಾಕಿಕೊಂಡಿದೆ. ಗಿರಾಕಿಯೂ ನಂಬುತ್ತಾನೆ, ಯಾಕೆಂದರೆ ಅವನ ಮನೆಯಲ್ಲೂ ಇಲಿ ಇರುತ್ತದೆ. ನಾನೇ ಎಷ್ಟು ಸಲ ಹೇಳಿದ್ದೇನೋ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಮತ್ತೆ ಹೋದೆ. ಬರಬೇಕೆಂದು ಜಯಮ್ಮ ಹೇಳಿದ್ದಳು. "ಗಾಡಿ ಯಾಕ್ ನಿಲ್ಸಿದ್ದೆ ಅಂತ ನಾನು ಏಳುದ್ರೆ ಯಾರೂ ನಂಬಕಿಲ್ಲ ಸಾ. ನೀವು ಏಳಿ" ಎಂದಿದ್ದಳು. ಆಕೆ ನನ್ನಿಂದ ಕೇಳಿದ್ದು ಅದೊಂದೇ.

ಮಲ್ಲಿಪಟ್ಟಣದ ಸರ್ಕಲ್ಲಿನಲ್ಲಿ ಮಕ್ಕಳು ಬ್ಯಾಗು ಹೊತ್ತು ನಿಂತಿದ್ದರು. ಪಕ್ಕದಲ್ಲಿ ಅಪ್ಪ ಅಮ್ಮಂದಿರು. ವ್ಯಾನು ಬಂದು ನಿಂತದ್ದೇ ಒಬ್ಬ ಶುರು ಮಾಡಿದ.

"ಈಯಮ್ಮಂಗೆ ಗಾಡಿ ಓಡ್ಸಕೆ ಬಯ ಕಣ್ರೀ. ಅದ್ಕೆ ವಾಸ್ನೆ ಗೀಸ್ನೆ ಅಂತ ನೆವ ತಗಂಡವ್ಳೆ."

ಇನ್ನೊಬ್ಬರು ನನ್ನ ಕಡೆ ತಿರುಗಿದರು. "ನೀವೇ ಅಲ್ವಾ ಹಾಸನದ ಮೆಕ್ಯಾನಿಕ್ಕು? ಏನಾಗಿತ್ತು ಏಳಿ ಸ್ವಾಮಿ."

ಇಲಿ ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಹೇಳಿದ್ದರೆ ಜಯಮ್ಮನ ರೂಟೂ ಉಳಿಯುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಇಲಿ ಕಚ್ಚಿದ ಪೈಪಿನ ವಾಸನೆ ಹಿಡಿದವಳು ಎಂದು ಅವಳಿಗೂ ಒಂದಿಷ್ಟು ಹೆಸರು ಬರುತ್ತಿತ್ತು. ಆದರೆ ಎರಡು ಸಲ ನಮ್ಮ ಬಾಗಿಲಿಗೆ ಬಂದವಳನ್ನು ನಾವು ನಕ್ಕು ಕಳಿಸಿದ್ದೆವಲ್ಲ, ಅದು ಎಲ್ಲಿಗೆ ಹೋಗುತ್ತಿತ್ತು? ಜಯಮ್ಮ ಬಟ್ಟೆ ಹಿಡಿದು ಗಾಜು ಒರೆಸುತ್ತಿದ್ದಳು. ನನ್ನ ಕಡೆ ನೋಡಲೇ ಇಲ್ಲ.

"ತಪ್ಪು ನಂದು" ಎಂದೆ. "ಬೇಡದ ದೊಡ್ಡ ಪಂಪು ಆಕಿದ್ದು ನಾನು. ಅಳತೆ ನೋಡ್ದೆ ತಿರುಪು ಬಿಗಿದಿದ್ದು ನಾನು. ಪೈಪು ಸೋರ್ತಿತ್ತು. ಈಯಮ್ಮ ಎರಡು ಸಲ ಬಂದು ಏಳಿದ್ರು, ನಾನು ನಕ್ಕು ಕಳಿಸ್ದೆ. ಇವ್ರು ಗಾಡಿ ನಿಲ್ಸದೆ ಇದ್ದಿದ್ರೆ..."

ಮಕ್ಕಳು ಎದುರಿಗೇ ನಿಂತಿದ್ದರು.

ನೆವ ಎಂದಿದ್ದವನು ತನ್ನ ಮಗಳ ಬ್ಯಾಗಿನ ಪಟ್ಟಿ ಸರಿಮಾಡತೊಡಗಿದ. ಒಬ್ಬ ತಾಯಿ ಮಾತ್ರ ಮಗನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೇಳಿದಳು.

"ಈಗ ಸರಿಯಾಗೈತಾ?"

"ನನ್ನ ಕೇಳ್ಬ್ಯಾಡಿ ತಾಯಿ, ನಂಗೆ ವಾಸ್ನೆ ಗೊತ್ತಾಗಕಿಲ್ಲ. ಅವ್ರ ಕೇಳಿ" ಎಂದೆ.

ಎಲ್ಲರೂ ಜಯಮ್ಮನ ಕಡೆ ತಿರುಗಿದರು. ಆಕೆ ಬಟ್ಟೆ ಮಡಿಸಿಟ್ಟು, ಮುಂದಿನ ಸೀಟಿನ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದಳು. ಸೀಟು ಎತ್ತಿ ಇನ್ನೊಂದು ಸಲ ಎಳೆದಳು. ಬೆಳಿಗ್ಗೆ ಮೂಟೆ ಹೇರಿ ಎರಡು ಸಲ ದಿಣ್ಣೆ ಹತ್ತಿಸಿ ನೋಡಿದ್ದಳಂತೆ, ಆದರೂ ಅವಸರ ಮಾಡಲಿಲ್ಲ. ಮಕ್ಕಳು ಬಾಗಿಲಿನ ಹತ್ತಿರ ಬಂದರು. ಕೈ ಅಡ್ಡ ಹಿಡಿದು ನಿಲ್ಲಿಸಿದಳು.

"ಮೊದ್ಲು ನೀವು ಅತ್ತಿ ಸಾ" ಎಂದಳು ನನಗೆ. "ಮುಂದ್ಗಡೆ ಕುಂತ್ಕಳಿ."

ಹತ್ತಿದೆ. ಇಂಜಿನ್ನಿನ ಮೇಲಿನ ಸೀಟಿನಲ್ಲಿ ಕೂತೆ. ಆಮೇಲೆ ಕೈ ತೆಗೆದು ಮಕ್ಕಳನ್ನು ಒಳಗೆ ಬಿಟ್ಟಳು. ವ್ಯಾನು ತುಂಬಿತು, ಗದ್ದಲವೂ ತುಂಬಿತು. ದಿಣ್ಣೆ ಬಂದು ಗಾಡಿ ಏರತೊಡಗಿದಾಗ ನಾನು ರಸ್ತೆ ನೋಡಲಿಲ್ಲ, ಜಯಮ್ಮನ ಮೂಗನ್ನೇ ನೋಡುತ್ತಾ ಕೂತಿದ್ದೆ.